ಬಲಗಡೆಯದು ಸ್ವಲ್ಪ ಕೆಳಗೆ

ಐದನೆಯ ತರಗತಿ. ಬೆಳಗ್ಗೆ ಹತ್ತಕ್ಕೇ
ತಗಡಿನ ಮಾಡು ಕಾದು ಟಿಕ್ ಟಿಕ್ ಅನ್ನುತ್ತಿದೆ.
ಕಿಟಕಿಯಾಚೆ ಸಾನ್ ಕ್ರಿಸ್ತೋಬಲ್ ಜ್ವಾಲಾಮುಖಿ,
ಬೀಡಿ ಸೇದುತ್ತ ಕೂತ ಮುದುಕ.
ಅದರ ಬುಡದಿಂದ ನಮ್ಮ ಬೇಲಿಯವರೆಗೂ ಕಬ್ಬು, ಬರೀ ಕಬ್ಬು.
ರಾತ್ರಿ ಗದ್ದೆಗೆ ಬೆಂಕಿ ಇಟ್ಟಿದ್ದಾರೆ;
ಕರಿ ಚೂರು ತೇಲಿ ಬಂದು ಮಕ್ಕಳ ಪುಸ್ತಕದ ಮೇಲೆ
ಬೇಡದ ಜಾಗದಲ್ಲಿ ಪೂರ್ಣವಿರಾಮ ಇಡುತ್ತದೆ.

ಇವತ್ತಿನ ಪಾಠ: ಮೂತ್ರಾಂಗ ವ್ಯೂಹ.
ಹೆಸರು ಕೇಳಿದ್ದೇ ಹಿಂದಿನ ಬೆಂಚು ಕಿಸಕ್ಕನೆ ನಗಬೇಕಿತ್ತು.
ಬೇರೆ ಊರಾಗಿದ್ದರೆ ನಗುತ್ತಿತ್ತು.

ಬೋರ್ಡಿನ ಮೇಲೆ ಬರೆಯುತ್ತೇನೆ.
ಬೆನ್ನ ಕಡೆಗೆ, ಪಕ್ಕೆಲುಬಿನ ಮರೆಯಲ್ಲಿ, ಎರಡು.
ಯಾವ ಆಕಾರ?
"ಫ್ರಿಹೋಲ್!" ದಿನಾ ಅನ್ನಕ್ಕೆ ಕಲಸುವ ಕೆಂಪು ಕಾಳು.
ಸರಿ. ಬಲಗಡೆಯದು ಸ್ವಲ್ಪ ಕೆಳಗೆ;
ಮೇಲೆ ಯಕೃತ್ತು ಕೂತಿದೆ, ಕಾಲು ಚಾಚಿದ ಯಜಮಾನ,
ಪಾಪ, ಇದು ಜಾಗ ಬಿಟ್ಟು ಜರುಗಿದೆ.

ಒಂದೊಂದರಲ್ಲೂ ಹತ್ತು ಲಕ್ಷ ಜರಡಿ.
ಮೈಯ ರಕ್ತವೆಲ್ಲ ದಿನಕ್ಕೆ ಮುನ್ನೂರು ಸಲ ಬಂದು
ಇವುಗಳ ಮುಂದೆ ಜೇಬು ಕೊಡವುತ್ತದೆ:
ಉಪ್ಪು, ಸಕ್ಕರೆ, ನೀರು, ಕಸ.
ನೂರ ಎಂಬತ್ತು ಲೀಟರ್ ಸೋಸಿ
ನೂರ ಎಪ್ಪತ್ತೆಂಟನ್ನು ಎಣಿಸಿ ಹಿಂದಕ್ಕೆ ಕೊಡುತ್ತವೆ.
ಇದು ನಿನ್ನದು, ಇಟ್ಟುಕೋ.
ಸಕ್ಕರೆಯ ಒಂದು ಹರಳನ್ನೂ ಹೊರಗೆ ಬಿಡುವುದಿಲ್ಲ.
ಇಷ್ಟು ನೆಟ್ಟಗೆ ಲೆಕ್ಕ ಇಡುವವರು
ಕಾರ್ಖಾನೆಯ ತೂಕದ ಕಟ್ಟೆಯಲ್ಲಿ ಒಬ್ಬರೂ ಇಲ್ಲ
ಅಂತ ನಾನು ಹೇಳಲಿಲ್ಲ. ಪಠ್ಯದಲ್ಲಿ ಇಲ್ಲ.

ಆಮೇಲೆ ಎರಡು ನಾಳ, ಗೇಣಿಗಿಂತ ತುಸು ಉದ್ದ,
ಗುಟುಕು ಗುಟುಕಾಗಿ ಕೆಳಗಿಳಿಸುತ್ತವೆ.
ಆಮೇಲೊಂದು ಹಿಗ್ಗುವ ಚೀಲ. ಕೊನೆಗೆ ದಾರಿ,
ದಾರಿಗೆ ಎರಡು ಚಿಲಕ:
ಒಂದು ತಾನಾಗಿ ಬಿಚ್ಚುವುದು, ಒಂದು ನಮ್ಮ ಮಾತು ಕೇಳುವುದು.
"ನನ್ನ ತಮ್ಮನದು ಕೇಳೋದೇ ಇಲ್ಲ ಟೀಚರ್" ಎಂದಳು ದಾಮಾರಿಸ್.
ಆಗ ನಕ್ಕರು. ನಾನೂ.

ಎಲಿಸೇಯೊ ಎದ್ದು ನಿಂತ.
"ತುಂಬಾ ದೊಡ್ಡದು ಬರೆದಿದ್ದೀರಿ. ಅಪ್ಪನದು ಇಷ್ಟೇ."
ಹೆಬ್ಬೆರಳು ತೋರುಬೆರಳ ನಡುವೆ ಅಳತೆ ಹಿಡಿದ.
"ಎಂಟು ಪಾಯಿಂಟ್ ಎರಡು."
ಏನು ಎಂಟು ಎಂದು ಯಾರೂ ಕೇಳಲಿಲ್ಲ.
ಕ್ರಿಯಾಟಿನಿನ್: ನಮ್ಮ ಮಕ್ಕಳು
ಮಗ್ಗಿಗೂ ಮೊದಲು ಕಲಿಯುವ ಪದ.
ಸುಗ್ಗಿಗೆ ಮುಂಚೆ ಕಾರ್ಖಾನೆ ರಕ್ತ ನೋಡುತ್ತದೆ;
ಅಂಕಿ ಏರಿದವನ ಹೆಸರಿಗೆ ಗೀಟು.
ಎರಡು ವರ್ಷ ಇವನಪ್ಪ ಕಬ್ಬು ಕಡಿದದ್ದು
ತಮ್ಮನ ಗುರುತಿನ ಚೀಟಿಯಲ್ಲಿ, ತಮ್ಮನ ರಕ್ತದಲ್ಲಿ.

ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ಇಲ್ಲಿ ಉಪ್ಪು ಅಂಗಿಯ ಬೆನ್ನಿಗೆ ಬಿಳಿ ನಕಾಶೆ ಬರೆದು ಒಣಗುತ್ತದೆ,
ನೀರಿನ ಡಬ್ಬಿ ಸಾಲಿನ ಕೊನೆಗೆ ಮುಟ್ಟುವ ಮೊದಲೇ ಬರಿದು,
ಕುಡಿದರೆ ಮಚ್ಚು ನಿಲ್ಲುತ್ತದೆ, ನಿಂತರೆ ಟನ್ನು ಇಳಿಯುತ್ತದೆ.
ಸಕ್ಕರೆ ತಿಂದವರು ಎಲ್ಲೋ,
ಅವರ ಚಹಾ ಆರದೆ ಇರಲಿ.

ಡಸ್ಟರ್ ತಗೊಂಡೆ. ಎರಡೂ ಕಾಳು ಅಳಿಸಿ
ಚಿಕ್ಕದು ಬರೆದೆ. "ಇನ್ನೂ" ಎಂದ.
ಇನ್ನೂ ಚಿಕ್ಕದು ಬರೆದೆ.
ಅಳತೆ ನನ್ನ ಕೈಗೇ ಗೊತ್ತಿತ್ತು.
ಅಣ್ಣ ನೊಲ್ಬೆರ್ತೊನ ಸ್ಕ್ಯಾನ್ ಹಾಳೆ
ಸೀರೆ ಪೆಟ್ಟಿಗೆ ಇಲ್ಲದ ಮನೆಯಲ್ಲಿ ಹಾಸಿಗೆಯಡಿ ಮಡಿಚಿಟ್ಟಿದ್ದೇನೆ,
ಯಾಕೆ ಇಟ್ಟಿದ್ದೇನೋ.

ಎಲಿಸೇಯೊ ತಲೆ ವಾರೆ ಮಾಡಿ ನೋಡಿದ.
"ಬಲಗಡೆಯದು ಸ್ವಲ್ಪ ಕೆಳಗೆ ಬರಬೇಕಲ್ವಾ ಟೀಚರ್?"
ಹೌದು. ಇಳಿಸಿದೆ.

ಪಾಠ ಅಲ್ಲಿಗೆ ನಿಂತಿತು. ಹೂಜಿಯಿಂದ
ತಲೆಗೆರಡು ಲೋಟ ನೀರು ಹಾಕಿದೆ, ಗಂಟೆ ಹೊಡೆಯುವವರೆಗೆ.
ದಾಮಾರಿಸ್ ಕಿರುಬೆರಳು ಎತ್ತಿದಳು.
ಹೋಗು.

ತಗಡಿನ ಗೋಡೆಯಾಚೆ ಸದ್ದು ಶುರುವಾಯಿತು.
ಯಾರೂ ನಗಲಿಲ್ಲ. ಇಡೀ ತರಗತಿ ಕಿವಿಗೊಟ್ಟು ಕೂತಿತ್ತು.
ಬಹಳ ಹೊತ್ತು ಬಂತು.